ಮಂಗಳೂರಿನ ಸಂಧಿ: ಅರ್ಥ ಹೇಳದ ಪಾತ್ರಗಳು

ಚೆನ್ನೈನ ಸಂತ ಜಾರ್ಜ್ ಕೋಟೆಯ ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಅಮೃತಶಿಲೆಯ ಪ್ರತಿಮೆಯನ್ನು ನೋಡಿಯೇ ಇರುತ್ತಾರೆ. ಟಿಪ್ಪು ಸುಲ್ತಾನನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿಕೊಳ್ಳುವ ದೃಶ್ಯವನ್ನು ಅದರ ಪೀಠದಲ್ಲಿ ಕೆತ್ತಿದ್ದಾರೆ. ಅದು 1792ರ ಸಂಗತಿ. ಅದಕ್ಕೆ ಎಂಟು ವರ್ಷ ಮೊದಲು, 1784ರ ಮಾರ್ಚ್ 11ರಂದು, ಇದೇ ಕೋಟೆಯ ಸರ್ಕಾರ ಕಳುಹಿಸಿದ ಆಯುಕ್ತರು ಮಂಗಳೂರಿಗೆ ಹೋಗಿ ಅದೇ ಟಿಪ್ಪುವಿನೊಡನೆ ಸರಿಸಮಾನ ಕರಾರಿನ ಮೇಲೆ ಸಂಧಿ ಮಾಡಿಕೊಂಡು ಬಂದರು. ಆ ಸಂಧಿಗೆ ಈ ಕೋಟೆಯಲ್ಲಿ ಪ್ರತಿಮೆಯಿಲ್ಲ. ಗೆದ್ದವರು ತಮ್ಮ ಗೆಲುವನ್ನಷ್ಟೇ ಕಲ್ಲಿನಲ್ಲಿ ಕೆತ್ತಿಸುವುದು ಸಹಜ. ಆದರೆ ಪುಸ್ತಕ ಬರೆಯುವವರಿಗೂ, ನಾಟಕ ಬರೆಯುವವರಿಗೂ 1784 ಒಂದು ಇಕ್ಕಟ್ಟಿನ ವರ್ಷವಾಗಿಯೇ ಉಳಿದಿದೆ. ಬರೆದವರು ಅದನ್ನು ಇಂಗ್ಲಿಷರ ಅವಮಾನವೆಂದೋ ಮೈಸೂರಿನ ಕೀರ್ತಿಯೆಂದೋ ಒಂದೇ ಮಾತಿನಲ್ಲಿ ಮುಗಿಸಿದ್ದಾರೆ. ಈ ಲೇಖನ ಅವರ ಬರವಣಿಗೆಯ ಪರಿಶೀಲನೆ.

ಪರಿಶೀಲನೆಗೆ ಒಂದು ಅಳತೆಗೋಲು ಬೇಕಷ್ಟೆ. ಮಂಗಳೂರಿನ ವಿಷಯವಾದ್ದರಿಂದ ಮಂಗಳೂರು ಸೀಮೆಯದೇ ಅಳತೆಗೋಲನ್ನು ತೆಗೆದುಕೊಳ್ಳೋಣ. ಆ ಕರಾವಳಿಯ ತಾಳಮದ್ದಳೆಯಲ್ಲಿ 'ಕೃಷ್ಣ ಸಂಧಾನ' ಬಹು ಜನಪ್ರಿಯ ಪ್ರಸಂಗ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯ, ಅರ್ಥಧಾರಿಗಳ ಮಾತು, ಅಷ್ಟೇ. ಸಂಧಿಗೆ ಬಂದವನು ಸಾಕ್ಷಾತ್ ಶ್ರೀಕೃಷ್ಣ. ಒಪ್ಪದೆ ಕುಳಿತವನು ಕೌರವ. ಆದರೂ ಕೌರವನ ಅರ್ಥ ಹೇಳುವವರು ಅವನ ಪಕ್ಷವನ್ನು ಸಡಿಲ ಬಿಡುವುದಿಲ್ಲ. ಅವನ ಅಭಿಮಾನ, ಅನುಮಾನ, ರಾಜ್ಯಭಾಗದ ಬಗ್ಗೆ ಅವನಿಗಿರುವ ವಾದ ಎಲ್ಲವೂ ಸಭೆಗೆ ಬರಬೇಕು. ಹಾಗೆ ಬಂದಾಗ ಮಾತ್ರ ಕೃಷ್ಣನ ಮಾತಿಗೂ ತೂಕ. ಒಪ್ಪದವನ ಅರ್ಥವನ್ನು ಪೂರ್ತಿಯಾಗಿ ಹೇಳಿದ ಹೊರತು ಸಂಧಾನದ ಕಥೆ ಕಥೆಯಾಗುವುದಿಲ್ಲ ಎಂಬುದು ಆ ಕಲೆಯ ನ್ಯಾಯ. ಮಂಗಳೂರಿನ ಸಂಧಿಯನ್ನು ಬರೆದವರು ಈ ನ್ಯಾಯಕ್ಕೆ ಎಷ್ಟರಮಟ್ಟಿಗೆ ನಿಂತಿದ್ದಾರೆ?

ಎರಡು ಸಲ ಒಬ್ಬರ ಪರವಾಗಿ ಇನ್ನೊಬ್ಬರು

ಮೊದಲು ಸಂಗತಿಗಳನ್ನು ಜೋಡಿಸಿಕೊಳ್ಳೋಣ. 1769ರಲ್ಲಿ ಹೈದರ್ ಅಲಿ ಪರಂಗಿಮಲೆಯ ತನಕ ಕುದುರೆ ದಂಡನ್ನು ತಂದು, ಮದರಾಸಿನ ಸರ್ಕಾರದಿಂದ ಒಪ್ಪಂದ ಬರೆಸಿಕೊಂಡ. ಒಬ್ಬರ ಮೇಲೆ ಪರರು ಏರಿ ಬಂದರೆ ಮತ್ತೊಬ್ಬರು ನೆರವಾಗಬೇಕೆಂಬುದು ಅದರ ತಿರುಳು. ಮುಂದಿನ ವರ್ಷವೇ ಮರಾಠರು ಮೈಸೂರಿನ ಮೇಲೆ ಬಂದರು; ಮದರಾಸು ನೆರವಿಗೆ ಬರಲಿಲ್ಲ. ಹೈದರ್ ಇದನ್ನು ಕೊನೆಯ ತನಕ ಮರೆಯಲಿಲ್ಲ. 1779ರಲ್ಲಿ ಇಂಗ್ಲಿಷರು ಮಾಹೆಯನ್ನು ಹಿಡಿದದ್ದು ಹುಣ್ಣಿನ ಮೇಲೆ ಬರೆ ಎಳೆದಂತಾಯಿತು. ಆ ವರ್ಷ ಮದರಾಸಿನವರು ಕ್ರೈಸ್ತ ಪಾದ್ರಿ ಶ್ವಾರ್ಟ್ಸ್‌ನನ್ನು ಶ್ರೀರಂಗಪಟ್ಟಣಕ್ಕೆ ಕಳುಹಿಸಿ ಸಮಾಧಾನದ ಮಾತಾಡಿಸಿ ನೋಡಿದರು. ಪಾದ್ರಿಗೆ ಮರ್ಯಾದೆ ದೊರೆಯಿತು, ಸಂದೇಶ ಮಾತ್ರ ಫಲಿಸಲಿಲ್ಲ.

1780ರಲ್ಲಿ ಪುಣೆಯ ನಾನಾ ಫಡ್ನವೀಸನೂ ಹೈದರನೂ ಇಂಗ್ಲಿಷರ ವಿರುದ್ಧ ಒಂದಾದರು. ಕೃಷ್ಣಾ ನದಿಯ ದಕ್ಷಿಣದಲ್ಲಿ ಹೈದರ್ ಗೆದ್ದುಕೊಂಡಿದ್ದ ನೆಲ ಅವನದೇ ಎಂದು ಪುಣೆ ಒಪ್ಪಿತು. ಅದೇ ಜುಲೈನಲ್ಲಿ ಮೈಸೂರಿನ ದಂಡು ಘಟ್ಟವಿಳಿದು ಕರ್ನಾಟಕ ಪಾಯಿನ್‌ಘಾಟಿಗೆ ನುಗ್ಗಿತು. ಸೆಪ್ಟೆಂಬರ್ 10ರಂದು ಕಂಚಿಯ ಬಳಿ ಪುಲ್ಲಲೂರಿನಲ್ಲಿ ಕರ್ನಲ್ ಬೈಲಿಯ ಸೇನೆ ನಾಶವಾಯಿತು. ಆದರೆ 1782ರ ಮೇ 17ರಂದು ಸಾಲ್‌ಬಾಯಿಯಲ್ಲಿ ಮಹಾದಜಿ ಸಿಂಧಿಯ ಇಂಗ್ಲಿಷರೊಡನೆ ಪ್ರತ್ಯೇಕವಾಗಿ ಸಂಧಿ ಮಾಡಿಕೊಂಡ. ಇಂಗ್ಲಿಷರಿಂದಲೂ ಆರ್ಕಾಟಿನ ನವಾಬನಿಂದಲೂ ಹೈದರ್ ಕಿತ್ತುಕೊಂಡ ನೆಲವನ್ನೆಲ್ಲ ಆರು ತಿಂಗಳೊಳಗೆ ಬಿಡಿಸಿಕೊಡುವ ಹೊಣೆಯನ್ನು ಪೇಶ್ವೆಯ ಪರವಾಗಿ ಆ ಸಂಧಿಯಲ್ಲಿ ಹೊತ್ತುಕೊಂಡ. ಹೈದರ್ ಆ ಮಾತುಕತೆಯಲ್ಲಿ ಇರಲಿಲ್ಲ. ಯುದ್ಧಕ್ಕೆ ಕರೆದ ಮಿತ್ರರೇ ಅವನನ್ನು ಕೇಳದೆ ಅವನ ಗೆಲುವನ್ನು ಹಿಂದಕ್ಕೆ ಕೊಟ್ಟಿದ್ದರು. ನಾನಾ ಫಡ್ನವೀಸ್ ಜಾಣ. ಸಂಧಿಗೆ ಮುದ್ರೆ ಹಾಕುವುದನ್ನು ಮುಂದೂಡುತ್ತ, ಒಂದು ಕೈಯಲ್ಲಿ ಇಂಗ್ಲಿಷರನ್ನೂ ಇನ್ನೊಂದು ಕೈಯಲ್ಲಿ ಹೈದರನನ್ನೂ ಹಿಡಿದುಕೊಂಡಿದ್ದ. ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ದಂಡಿನಲ್ಲಿ ಹೈದರ್ ತೀರಿಕೊಂಡ. ಅದೇ ತಿಂಗಳು ಪುಣೆಯ ಮುದ್ರೆಯೂ ಬಿತ್ತು.

ಎರಡನೆಯ ಸಲ ಇದೇ ಆಟವನ್ನು ಆಡಿದವರು ಫ್ರೆಂಚರು. 1783ರ ಮಾರ್ಚಿಯಲ್ಲಿ ಬುಸ್ಸಿ ಸೇನೆಯೊಡನೆ ಕೋರಮಂಡಲದ ದಡಕ್ಕೆ ಬಂದಿಳಿದ. ಒಂದು ಕಾಲದಲ್ಲಿ ಹೈದರಾಬಾದಿನಲ್ಲಿ ಮೆರೆದ ಬುಸ್ಸಿ ಆಗ ವೃದ್ಧ, ರೋಗಿ. ಜೂನ್‌ನಲ್ಲಿ ಜನರಲ್ ಸ್ಟುವರ್ಟ್ ಕೂಡಲೂರಿಗೆ ಮುತ್ತಿಗೆ ಹಾಕಿದ. ಅಲ್ಲಿ ಫ್ರೆಂಚರ ಜೊತೆಗೆ ಮೈಸೂರಿನ ಪಡೆಯೂ ಇತ್ತು. ಯುದ್ಧ ಬಿಸಿಯಾಗಿರುವಾಗಲೇ, ಜನವರಿ 20ರಂದು ವರ್ಸೇಲ್ಸಿನಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ಸಂಧಿಯ ಮೊದಲ ಕರಾರಿಗೆ ರುಜು ಹಾಕಿದ ಸುದ್ದಿ ಮದರಾಸಿಗೆ ತಲುಪಿತು. ಗವರ್ನರ್ ಮೆಕಾರ್ಟ್ನಿ ತನ್ನ ಕಾರ್ಯದರ್ಶಿ ಸ್ಟಾಂಟನ್ ಮತ್ತು ಕೌನ್ಸಿಲ್ ಸದಸ್ಯ ಸ್ಯಾಡ್ಲಿಯರ್ ಇಬ್ಬರನ್ನೂ ಬಿಳಿ ಬಾವುಟದ ಹಡಗಿನಲ್ಲಿ ಕೂಡಲೂರಿಗೆ ಕಳುಹಿಸಿದ. ಜುಲೈ 2ರಂದು ಅಲ್ಲಿ ಗುಂಡು ನಿಂತಿತು.

ವರ್ಸೇಲ್ಸಿನ ಕರಾರಿನಲ್ಲಿ ಇಂಡಿಯಾದ ಮಿತ್ರರ ಬಗ್ಗೆಯೂ ಒಂದು ಷರತ್ತಿತ್ತು. ಅವರನ್ನೂ ಸಂಧಿಗೆ ಸೇರಲು ಕರೆಯತಕ್ಕದ್ದು. ಕರೆದ ದಿನದಿಂದ ನಾಲ್ಕು ತಿಂಗಳ ಅವಧಿ. ಒಪ್ಪದಿದ್ದರೆ ಮುಂದೆ ಯಾವ ಸಹಾಯವೂ ಇಲ್ಲ. ಕರೆಯೆಂದರೆ ಇಂಥ ಕರೆ. ಊಟಕ್ಕೆ ಎಲೆ ಹಾಕದೆ ಕೈ ತೊಳೆಯಲು ನೀರು ಕೊಟ್ಟ ಹಾಗೆ.

ಆಗ ಟಿಪ್ಪು ಮಂಗಳೂರಿನಲ್ಲಿದ್ದ. ಜನರಲ್ ಮ್ಯಾಥ್ಯೂಸ್ ಬಿದನೂರನ್ನು ಹಿಡಿದು, ಮಾರ್ಚಿಯಲ್ಲಿ ಮಂಗಳೂರನ್ನೂ ವಶಪಡಿಸಿಕೊಂಡಿದ್ದ. ಟಿಪ್ಪು ಬಿದನೂರನ್ನು ಮರಳಿ ಪಡೆದು, ಮೇ ತಿಂಗಳಲ್ಲಿ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ. ಒಳಗಿದ್ದವನು ಕರ್ನಲ್ ಕ್ಯಾಂಪ್‌ಬೆಲ್. ಮಳೆಗಾಲ ಜೋರಾಗಿತ್ತು, ಕೋಟೆಯ ಗೋಡೆಗಳು ಬಿರಿದಿದ್ದುವು. ಮುತ್ತಿಗೆಯಲ್ಲಿ ಕರ್ನಲ್ ಕೊಸಿನಿಯ ಫ್ರೆಂಚ್ ಪಡೆಯೂ ದುಡಿಯುತ್ತಿತ್ತು. ಇನ್ನೇನು ಕೋಟೆ ಕೈಗೆ ಬರಬೇಕು ಎನ್ನುವಾಗ ಬುಸ್ಸಿಯ ಸಂದೇಶ ಬಂತು. ಕೊಸಿನಿ ಇನ್ನು ನಾವು ಹೋರುವುದಿಲ್ಲವೆಂದು ಕೈಚೆಲ್ಲಿದ. ಹೈದರನ ಕಾಲದಿಂದ ಮೈಸೂರಿನ ದಂಡಿನಲ್ಲಿ ಫ್ರೆಂಚರ ವಕೀಲನಾಗಿದ್ದ ಪಿವರೋನ್ ದ ಮೋರ್ಲಾ ನಡುವೆ ಓಡಾಡಿ ಟಿಪ್ಪುವನ್ನು ಒಪ್ಪಿಸಬೇಕಾಯಿತು. ಟಿಪ್ಪು ಸಿಟ್ಟಾದ, ಫ್ರೆಂಚ್ ಪಡೆಯನ್ನು ಉಳಿಸಿಕೊಳ್ಳಲು ಯತ್ನಿಸಿದ, ಕೊನೆಗೆ ಆಗಸ್ಟ್ 2ರಂದು ಕದನವಿರಾಮಕ್ಕೆ ಒಪ್ಪಿದ. ಕೋಟೆಯವರಿಗೆ ದಿನಸಿ ಸಿಕ್ಕಬೇಕೆಂಬ ಕರಾರಿತ್ತು. ಅದು ಸರಿಯಾಗಿ ನಡೆಯಲಿಲ್ಲವೆಂದು ಎರಡು ಕಡೆಯವರೂ ದೂರಿಕೊಂಡರು. ಹಸಿವೂ ರೋಗವೂ ಮುತ್ತಿ, 1784ರ ಜನವರಿ ಕೊನೆಯಲ್ಲಿ ಕ್ಯಾಂಪ್‌ಬೆಲ್ ಕೋಟೆಯನ್ನು ಬಿಟ್ಟುಕೊಟ್ಟ.

ಇದರ ನಡುವೆ ಟಿಪ್ಪುವಿನ ವಕೀಲರಾದ ಅಪ್ಪಾಜಿ ರಾಮ್ ಮತ್ತು ಶ್ರೀನಿವಾಸ ರಾವ್ ಮದರಾಸಿಗೆ ಬಂದು ಮಾತಾಡಿದರು. 1783ರ ನವೆಂಬರಿನಲ್ಲಿ ಸ್ಯಾಡ್ಲಿಯರ್, ಸ್ಟಾಂಟನ್ ಇಲ್ಲಿಂದ ಹೊರಟರು. ಹಡ್ಲ್‌ಸ್ಟನ್ ಆಮೇಲೆ ಸೇರಿಕೊಂಡ. ದುಭಾಷಿಯಾಗಲೆಂದು ಕರೆಸಿದ ಶ್ವಾರ್ಟ್ಸ್ ಸತ್ಯಮಂಗಲದಲ್ಲೇ ತಡೆಯಲ್ಪಟ್ಟ. ಅದೇ ಹೊತ್ತಿಗೆ ಕರ್ನಲ್ ಫುಲ್ಲರ್‌ಟನ್ ಪಾಲಘಾಟನ್ನೂ ಕೊಯಮತ್ತೂರನ್ನೂ ಹಿಡಿದು ಶ್ರೀರಂಗಪಟ್ಟಣದತ್ತ ಕಣ್ಣಿಟ್ಟಿದ್ದ. ಸಂಧಿಗಾಗಿ ಅವನನ್ನು ಹಿಂದಕ್ಕೆ ಕರೆಸಿಕೊಂಡರು. ಮರಾಠರ ವಕೀಲರೂ ಟಿಪ್ಪುವಿನ ದಂಡಿನಲ್ಲಿದ್ದು, ಸಾಲ್‌ಬಾಯಿಯ ಕರಾರಿಗೆ ಸೇರೆಂದು ಒತ್ತಾಯಿಸುತ್ತಿದ್ದರು. ಸೇರದಿದ್ದರೆ ಬಲ ತೋರಿಸುವುದಾಗಿ ಸಿಂಧಿಯ ಇಂಗ್ಲಿಷರೊಡನೆ ಮಾತಾಡಿಕೊಂಡಿದ್ದ. ಟಿಪ್ಪು ಇದಕ್ಕೆ ಮಾತ್ರ ಒಪ್ಪಲಿಲ್ಲ. ತನ್ನ ಸಂಧಿಯನ್ನು ಪುಣೆ ಮಾಡುವುದಾದರೆ ತಾನು ಪುಣೆಯ ಅಧೀನನೆಂದು ಒಪ್ಪಿದಂತಾಗುತ್ತಿತ್ತು. ಮಂಗಳೂರಿನ ಸಂಧಿಯಲ್ಲಿ ಸಾಲ್‌ಬಾಯಿಯ ಹೆಸರಿಲ್ಲ. ಪರಸ್ಪರ ಗೆದ್ದ ನೆಲವನ್ನು ಹಿಂತಿರುಗಿಸುವುದು, ಸೆರೆಯಾಳುಗಳನ್ನು ಬಿಡುವುದು, ಇವೇ ಅದರ ಮುಖ್ಯ ಅಂಶಗಳು. ಕಲ್ಕತ್ತೆಯ ಹೇಸ್ಟಿಂಗ್ಸ್‌ಗೆ ಅದು ಹಿಡಿಸಲಿಲ್ಲ.

ವಿಲ್ಕ್ಸ್‌ನ ನೇಣುಗಂಬ

ಈ ಕಥೆಯನ್ನು ಮೊದಲು ವಿಸ್ತಾರವಾಗಿ ಬರೆದು, ಮುಂದಿನವರಿಗೆಲ್ಲ ದಾರಿ ಹಾಕಿಕೊಟ್ಟವನು ಮಾರ್ಕ್ ವಿಲ್ಕ್ಸ್. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದವನು, ಅವನ ಮೈಸೂರಿನ ಇತಿಹಾಸ 1810ರಿಂದ 1817ರವರೆಗೆ ಮೂರು ಸಂಪುಟಗಳಲ್ಲಿ ಹೊರಬಂತು. ವಿಲ್ಕ್ಸ್ ದೊಡ್ಡ ಬರಹಗಾರ ಎಂಬುದರಲ್ಲಿ ಸಂಶಯವಿಲ್ಲ. ದಾಖಲೆಗಳನ್ನು ಹುಡುಕಿ ತೆಗೆದ ಶ್ರಮ, ಯುದ್ಧಭೂಮಿಯನ್ನು ಕಣ್ಣಿಗೆ ಕಟ್ಟುವಂತೆ ಬಿಡಿಸುವ ಕೌಶಲ ಇಂದಿಗೂ ಮೆಚ್ಚುವಂಥವು. ಆದರೆ 1784ಕ್ಕೆ ಬಂದಾಗ ಅವನೊಳಗಿನ ಇತಿಹಾಸಕಾರನನ್ನು ಕಂಪೆನಿಯ ಅಧಿಕಾರಿ ಹಿಂದಕ್ಕೆ ತಳ್ಳುತ್ತಾನೆ. ಮದರಾಸಿನ ಸರ್ಕಾರ ತಲೆತಗ್ಗಿಸಿತೆಂಬುದೇ ಅವನಿಗೆ ಮುಖ್ಯ ವ್ಯಥೆ. ಆಯುಕ್ತರ ಡೇರೆಗಳ ಎದುರಿಗೆ ನೇಣುಗಂಬ ನೆಟ್ಟಿದ್ದರೆಂಬ ಕಥೆ ಅವನ ಪುಸ್ತಕದಿಂದಲೇ ಹರಡಿತು. ಆಯುಕ್ತರು ಬರಿತಲೆಯಲ್ಲಿ, ಕೈಯಲ್ಲಿ ಸಂಧಿಪತ್ರ ಹಿಡಿದು, ಎರಡು ತಾಸು ನಿಂತು ಬೇಡಿಕೊಂಡರೆಂಬ ಇನ್ನೊಂದು ಚಿತ್ರವೂ ಪ್ರಸಿದ್ಧ. ಇದು ಸುಲ್ತಾನನ ಪಕ್ಷದ ಬರಹದಿಂದ ಬಂದುದೆಂದು ಹೇಳುತ್ತಾರೆ.

ಈ ಎರಡು ಚಿತ್ರಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದು ಇಂಗ್ಲಿಷ್ ಓದುಗನ ಕೋಪಕ್ಕಾಗಿ, ಇನ್ನೊಂದು ಮೈಸೂರಿನ ದರ್ಬಾರಿನ ಸಂತೋಷಕ್ಕಾಗಿ. ಆದರೆ ಎರಡೂ ಮಾಡುವ ಕೆಲಸ ಒಂದೇ: ಏಳು ತಿಂಗಳ ಮಾತುಕತೆಯನ್ನು ಒಂದು ರಂಗದೃಶ್ಯಕ್ಕೆ ಇಳಿಸುವುದು. ನೇಣುಗಂಬವೂ ಬರಿತಲೆಯೂ ಕಣ್ಣಿಗೆ ಬಿದ್ದ ಮೇಲೆ, ಟಿಪ್ಪು ಏಕೆ ತಡೆದ, ಯಾರು ಯಾರಿಗೆ ಏನು ಭರವಸೆ ಕೊಟ್ಟರು ಎಂದು ಕೇಳುವವರು ಇರುವುದಿಲ್ಲ. ವಿಲ್ಕ್ಸ್‌ನ ಕಥನದಲ್ಲಿ ಟಿಪ್ಪುವಿನ ಅನುಮಾನಕ್ಕೆ ಹಠವೆಂದು ಹೆಸರು. 1769ರ ಮುರಿದ ಮಾತನ್ನು ತಾನೇ ಬರೆದಿದ್ದರೂ, 1783ಕ್ಕೆ ಬಂದಾಗ ಅದು ಅವನಿಗೆ ಸಾಕಷ್ಟು ನೆನಪಾಗುವುದಿಲ್ಲ. ತಾಳಮದ್ದಳೆಯ ಭಾಷೆಯಲ್ಲಿ ಹೇಳುವುದಾದರೆ, ಅವನು ಎದುರು ಪಾತ್ರದ ಅರ್ಥವನ್ನು ತಾನೇ ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದಾನೆ.

ವಕೀಲಿಯ ಗುಣ, ವಕೀಲಿಯ ದೋಷ

1951ರಲ್ಲಿ ಬಂದ ಮೊಹಿಬ್ಬುಲ್ ಹಸನರ ಟಿಪ್ಪು ಚರಿತ್ರೆ ಈ ಅನ್ಯಾಯವನ್ನು ಸರಿಪಡಿಸಲು ಹೊರಟ ಗ್ರಂಥ. ಪಾರ್ಸಿ ಆಕರಗಳನ್ನೂ ಫ್ರೆಂಚ್ ದಾಖಲೆಗಳನ್ನೂ ಬಳಸಿ ಅವರು ಟಿಪ್ಪುವಿನ ಪಕ್ಷವನ್ನು ಗಟ್ಟಿಯಾಗಿ ಮಂಡಿಸಿದರು. ನೇಣುಗಂಬದ ಕಥೆಯನ್ನು ಅವರು ಒಪ್ಪುವುದಿಲ್ಲ. ಫ್ರೆಂಚರ ವರ್ತನೆಯಿಂದ ಟಿಪ್ಪುವಿಗಾದ ಆಘಾತ, ಮರಾಠರ ಒತ್ತಾಯದ ಹಿಂದಿನ ರಾಜಕಾರಣ ಅವರ ಬರಹದಲ್ಲಿ ಸ್ಪಷ್ಟವಾಗಿದೆ. ವಿಲ್ಕ್ಸ್‌ನನ್ನು ಓದಿದವರು ಇವರನ್ನು ಓದಲೇಬೇಕು.

ಆದರೆ ಗುಣದಲ್ಲೇ ದೋಷವೂ ಅಡಗಿದೆ. ವಕೀಲರು ತಮ್ಮ ಕಕ್ಷಿಗೆ ತೊಡಕಾಗುವ ಸಾಕ್ಷಿಯ ಬಳಿ ಬೇಗ ನಡೆಯುತ್ತಾರೆ. ವಿಲ್ಕ್ಸ್ ಟಿಪ್ಪುವಿನ ಸಂಶಯವನ್ನು ಹಠವೆಂದರೆ, ಹಸನರು ಟಿಪ್ಪುವಿನ ಕಠಿಣತೆಯನ್ನೆಲ್ಲ ಸನ್ನಿವೇಶದ ಅಗತ್ಯವೆನ್ನುವ ಕಡೆಗೆ ವಾಲುತ್ತಾರೆ. ಕೋಟೆಯೊಳಗೆ ಹಸಿದು ಸತ್ತ ಸಿಪಾಯಿಗಳು, ಶ್ರೀರಂಗಪಟ್ಟಣದ ಸೆರೆಯಲ್ಲಿದ್ದವರು ಅಂಥ ಕಡೆ ಹಿನ್ನೆಲೆಗೆ ಸರಿಯುತ್ತಾರೆ. ಒಬ್ಬನಿಗೆ ಅನ್ಯಾಯವಾಗಿದೆ ಎಂದು ತೋರಿಸುವುದು ಬೇರೆ. ಅವನು ಅನ್ಯಾಯ ಮಾಡಿಲ್ಲವೆಂದು ಹೇಳುವುದು ಬೇರೆ.

ಎಸ್. ಪಿ. ಸೇನರು 1763ರಿಂದ 1816ರವರೆಗಿನ ಭಾರತದ ಫ್ರೆಂಚರ ಬಗ್ಗೆ ಬರೆದ ಗ್ರಂಥವನ್ನು ಇಲ್ಲಿ ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಫ್ರೆಂಚರು ಕೈಬಿಟ್ಟರೆಂಬ ಮಾತು ನಿಜ. ಆದರೆ ಅವರ ಕೈಯಲ್ಲಿ ಇದ್ದುದೇನು ಎಂಬುದೂ ತಿಳಿಯಬೇಕು. ಬುಸ್ಸಿಯ ಬಳಿ ಹಣವಿಲ್ಲ, ಆರೋಗ್ಯವಿಲ್ಲ, ತನ್ನ ರಾಜನ ಆಜ್ಞೆಯನ್ನು ಮೀರುವ ಅಧಿಕಾರವಿಲ್ಲ. 1785ರ ಜನವರಿಯಲ್ಲಿ ಅವನು ಪಾಂಡಿಚೇರಿಯಲ್ಲೇ ತೀರಿಕೊಂಡ. ಪಿವರೋನನ ಸ್ಥಿತಿ ಇನ್ನೂ ಇಕ್ಕಟ್ಟಿನದು. ನಿನ್ನೆಯ ತನಕ ಹೋರು ಎಂದವನು ಇಂದು ನಿಲ್ಲಿಸು ಎನ್ನಬೇಕು, ಪ್ರತಿಯಾಗಿ ಕೊಡಲು ಒಂದು ಬೆಳ್ಳಿ ನಾಣ್ಯವೂ ಇಲ್ಲ. ಮಿತ್ರನನ್ನು ಒಪ್ಪಿಸಲು ಅವರಿಗೆ ಉಳಿದ ಸಾಧನ ಒಂದೇ, ತಮ್ಮ ಪಡೆಯನ್ನು ಹಿಂದಕ್ಕೆ ಕರೆದುಕೊಳ್ಳುವುದು. ಅದನ್ನು ಒಪ್ಪಿಸುವುದು ಎನ್ನಬಹುದೇ?

ಯಾರೂ ಅರ್ಥ ಹೇಳದ ಪಾತ್ರಗಳು

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಹೈದರ್ ಸಾಲ್‌ಬಾಯಿಯಲ್ಲಿ ಇರಲಿಲ್ಲ. ಟಿಪ್ಪು ವರ್ಸೇಲ್ಸಿನಲ್ಲಿ ಇರಲಿಲ್ಲ. ಇಷ್ಟನ್ನು ಹಸನರಂಥವರು ತೋರಿಸಿಕೊಟ್ಟಿದ್ದಾರೆ. ಆದರೆ ಮಂಗಳೂರಿನಲ್ಲಿ ಯಾರು ಇರಲಿಲ್ಲ? ಈ ಪ್ರಶ್ನೆಯನ್ನು ನಮ್ಮ ಬರಹಗಾರರು ಒಟ್ಟಾಗಿ ಕೇಳಿಯೇ ಇಲ್ಲ.

ಮೊದಲನೆಯದಾಗಿ ಮೈಸೂರಿನ ರಾಣಿ ಲಕ್ಷ್ಮಮ್ಮಣ್ಣಿ. ಇಮ್ಮಡಿ ಕೃಷ್ಣರಾಜ ಒಡೆಯರ ಈ ಪತ್ನಿ ಶ್ರೀರಂಗಪಟ್ಟಣದ ಅರಮನೆಯಲ್ಲಿ ಹೆಚ್ಚುಕಡಮೆ ಬಂಧನದಲ್ಲಿದ್ದುಕೊಂಡೇ ಪ್ರಧಾನ ತಿರುಮಲ ರಾಯರ ಮೂಲಕ ಇಂಗ್ಲಿಷರೊಡನೆ ಮಾತು ನಡೆಸಿದರು. 1782ರ ಅಕ್ಟೋಬರ್ 28ರಂದು ತಂಜಾವೂರಿನಲ್ಲಿ ಸಲಿವನ್ ಕಂಪೆನಿಯ ಪರವಾಗಿ ಒಪ್ಪಂದಕ್ಕೆ ರುಜು ಹಾಕಿದ: ರಾಜ್ಯ ಮರಳಿ ಒಡೆಯರ ವಂಶಕ್ಕೆ. ಮರು ವರ್ಷ, ಟಿಪ್ಪು ಮಂಗಳೂರಿನ ಮುಂದೆ ಇದ್ದಾಗಲೇ, ಶ್ರೀರಂಗಪಟ್ಟಣದಲ್ಲಿ ಅಂಚೆ ಶಾಮಯ್ಯನೇ ಮೊದಲಾದವರ ಒಳಸಂಚು ಬಯಲಾಗಿ ಕ್ರೂರ ಶಿಕ್ಷೆಗಳಾದುವು. ಮನೆಯಲ್ಲಿ ಬೆಂಕಿ ಹೊಗೆಯಾಡುತ್ತಿದ್ದ ಆ ಹೊತ್ತು ಟಿಪ್ಪು ಕದನವಿರಾಮಕ್ಕೆ ಒಪ್ಪಲು ಅದೂ ಒಂದು ಕಾರಣವಾಗಿರಬೇಕೆಂದು ನನ್ನ ಊಹೆ. 1784ರ ಸಂಧಿಯಲ್ಲಿ ಮಾತ್ರ ರಾಣಿಯ ಹೆಸರಿಲ್ಲ. ಟಿಪ್ಪುವಿಗೆ ಫ್ರೆಂಚರು ಮಾಡಿದ್ದನ್ನೇ ರಾಣಿಗೆ ಮದರಾಸಿನವರು ಮಾಡಿದರು. ಹಯವದನ ರಾಯರು 1943ರಿಂದ 46ರವರೆಗೆ ಪ್ರಕಟಿಸಿದ ಮೈಸೂರಿನ ಇತಿಹಾಸದಲ್ಲಿ ರಾಣಿಯ ಪ್ರಯತ್ನಗಳಿಗೆ ಗೌರವದ ಸ್ಥಾನವಿದೆ. ಅದು ಅವರ ಹಿರಿಮೆ. ಆದರೆ ಅವರಲ್ಲಿ ರಾಣಿಯ ಕಥೆ ಒಡೆಯರ ಪುನಃಸ್ಥಾಪನೆಗೆ ಪೀಠಿಕೆ. ಕೈಬಿಡಲ್ಪಟ್ಟ ಮಿತ್ರಳಾಗಿ ಅವರನ್ನು ಟಿಪ್ಪುವಿನ ಪಕ್ಕದಲ್ಲೇ ನಿಲ್ಲಿಸಿ ನೋಡುವ ಕೆಲಸ ಉಳಿದಿದೆ. ವೈರಿಗಳಾದ ಈ ಇಬ್ಬರಿಗೂ ಆದ ಅನುಭವ ಒಂದೇ!

ಎರಡನೆಯದಾಗಿ ಕೆನರಾದ ಜನ. ಕೋಟೆ ಕೈಗೆ ಬಂದ ಬೆನ್ನಿಗೇ, ಸಂಧಿಗೆ ರುಜು ಬೀಳುವ ಮೊದಲೇ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕರಾವಳಿಯ ಕ್ರೈಸ್ತ ಕುಟುಂಬಗಳನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅವರ ಸಂಖ್ಯೆಯನ್ನು 30,000 ಎಂದು ಹೇಳುವವರಿದ್ದಾರೆ, 60,000 ಎನ್ನುವವರೂ ಇದ್ದಾರೆ. ದಾರಿಯಲ್ಲೂ ಸೆರೆಯಲ್ಲೂ ಬಹುಮಂದಿ ಸತ್ತರು. ಉಳಿದವರು ಮರಳಿದ್ದು 1799ರ ನಂತರ. ಇಂಗ್ಲಿಷ್ ಆಯುಕ್ತರು ಆಗ ಮಂಗಳೂರಿನಲ್ಲೇ ಬೀಡುಬಿಟ್ಟಿದ್ದರು. ಅವರ ಸಂಧಿ ಈ ಜನರನ್ನು ಉಳಿಸಲಿಲ್ಲ. ಟಿಪ್ಪುವನ್ನು ಮೆಚ್ಚುವ ಬರಹಗಾರರು ಈ ಘಟನೆಯನ್ನು ಸಂಧಿಯ ಅಧ್ಯಾಯದಿಂದ ಬೇರ್ಪಡಿಸಿ, ಧರ್ಮನೀತಿಯ ಅಧ್ಯಾಯದಲ್ಲಿ ಇಡುತ್ತಾರೆ. ಟಿಪ್ಪುವನ್ನು ಹಳಿಯುವವರು ಇದನ್ನೇ ಇಟ್ಟುಕೊಂಡು ಸಂಧಿಯನ್ನು ಮರೆಯುತ್ತಾರೆ. ಎರಡೂ ಒಂದೇ ಊರಿನಲ್ಲಿ, ಒಂದೇ ತಿಂಗಳುಗಳಲ್ಲಿ ನಡೆದುವು. ತನ್ನನ್ನು ಕೇಳದೆ ಸಂಧಿ ಮಾಡಿದರೆಂದು ನೊಂದ ದೊರೆ, ತನ್ನ ಪ್ರಜೆಗಳ ಒಂದು ಪಂಗಡಕ್ಕೆ ಮಾತಾಡುವ ಅವಕಾಶವನ್ನೇ ಕೊಡಲಿಲ್ಲ. ಈ ಎರಡನ್ನೂ ಒಂದೇ ಪುಟದಲ್ಲಿ ಬರೆಯುವ ಧೈರ್ಯ ಬೇಕು.

ಕನ್ನಡದಲ್ಲಿ ಏನಿದೆ?

'ಹೈದರ್ ನಾಮಾ' ಎಂಬ ಕನ್ನಡ ಗದ್ಯ ಬಖೈರು ಸಂಧಿಯ ವರ್ಷವಾದ 1784ರದೇ. ಮೈಸೂರು ಪುರಾತತ್ವ ಇಲಾಖೆಯ 1930ರ ವರದಿಯಿಂದ ಅದು ವಿದ್ವಾಂಸರ ಗಮನಕ್ಕೆ ಬಂತು. ಅದರ ದೃಷ್ಟಿಯೆಲ್ಲ ಹೈದರನ ಮೇಲೆ. ನಮ್ಮ ಲಾವಣಿಗಾರರ ಮನಸ್ಸು ಹರಿದದ್ದು ಪಟ್ಟಣದ ಪತನದ ಕಡೆಗೆ. ಸಾವು ಹಾಡಾಗುತ್ತದೆ, ಕರಾರುಪತ್ರ ಹಾಡಾಗುವುದಿಲ್ಲ. ಗಿರೀಶ ಕಾರ್ನಾಡರು ಬಿ.ಬಿ.ಸಿ. ರೇಡಿಯೋಗಾಗಿ ಬರೆದು 1997ರಲ್ಲಿ ಪ್ರಸಾರವಾದ ಟಿಪ್ಪು ನಾಟಕ ಕನ್ನಡದಲ್ಲೂ ರಂಗಕ್ಕೆ ಬಂದು ಹೆಸರಾಯಿತು. ಇತಿಹಾಸಕಾರ ಕಿರ್ಮಾನಿಯನ್ನೂ ಕರ್ನಲ್ ಮೆಕೆಂಜಿಯನ್ನೂ ಎದುರುಬದುರು ಕೂರಿಸಿ, ಗೆದ್ದವರ ಇತಿಹಾಸ ಮತ್ತು ಸೋತವರ ನೆನಪು ಎರಡಕ್ಕೂ ಮಾತು ಕೊಟ್ಟದ್ದು ಕಾರ್ನಾಡರ ದೊಡ್ಡ ಸಾಧನೆ. ನಾನು ಮೇಲೆ ಹೇಳಿದ ನ್ಯಾಯಕ್ಕೆ ಅತ್ಯಂತ ಸಮೀಪ ಬಂದ ಕೃತಿ ಅದೇ. ಆದರೂ ಅದರ ಹೃದಯ ಇರುವುದು 1792ರ ಒತ್ತೆಯ ಮಕ್ಕಳಲ್ಲಿ ಮತ್ತು 1799ರ ಕೊನೆಯಲ್ಲಿ. ಕೋಟೆಯ ಪೀಠದ ಶಿಲ್ಪಿಯೂ ನಮ್ಮ ನಾಟಕಕಾರರೂ ಬೇರೆ ಬೇರೆ ಉದ್ದೇಶಗಳಿಂದ ಒಂದೇ ದೃಶ್ಯವನ್ನು ಆರಿಸಿಕೊಂಡಿದ್ದಾರೆ. ಕರುಣರಸ ಅಲ್ಲಿದೆ ನಿಜ. ಆದರೆ ಮಿತ್ರಹೀನನಾದ ಟಿಪ್ಪು 1792ರಲ್ಲಿ ಹುಟ್ಟಲಿಲ್ಲ. ಮಂಗಳೂರಿನ ಮಳೆಯಲ್ಲಿ ಕೊಸಿನಿಯ ಪಡೆ ಕೈಚೆಲ್ಲಿದ ದಿನ ಹುಟ್ಟಿದ. ಇಷ್ಟಾದರೂ ಅವನು ಮತ್ತೆ ಫ್ರಾನ್ಸಿಗೇ ರಾಯಭಾರ ಕಳುಹಿಸಿದ. ನಾಟಕಕ್ಕೆ ಇದಕ್ಕಿಂತ ವಸ್ತು ಬೇಕೆ?

ಕೊರಿಯದ ಕನ್ನಡಿ

ಇದು ಹಳೆಯ ಕಾಲದ ರಾಜರ ಕಥೆ, ನಮಗೇಕೆ ಎನ್ನುವವರು ಕೊರಿಯವನ್ನು ನೋಡಬಹುದು. 1953ರಲ್ಲಿ ಅಮೆರಿಕ ಕದನವಿರಾಮಕ್ಕೆ ಸಿದ್ಧವಾದಾಗ ಅದರ ಮಿತ್ರ, ದಕ್ಷಿಣ ಕೊರಿಯದ ಅಧ್ಯಕ್ಷ ಸಿಂಗ್‌ಮನ್ ರೀ, ಒಪ್ಪಲಿಲ್ಲ. ಜೂನ್ 18ರಂದು ಸುಮಾರು 27,000 ಯುದ್ಧಕೈದಿಗಳನ್ನು ತಾನಾಗಿಯೇ ಬಿಡಿಸಿ, ನಡೆಯುತ್ತಿದ್ದ ಮಾತುಕತೆಯನ್ನು ಅಲ್ಲಾಡಿಸಿದ. ಅಮೆರಿಕದ ವಾಲ್ಟರ್ ರಾಬರ್ಟ್‌ಸನ್ ಸೋಲಿಗೆ ಹೋಗಿ ಎರಡು ವಾರಕ್ಕೂ ಮೀರಿ ಅವನೊಡನೆ ಕುಳಿತು ಮಾತಾಡಬೇಕಾಯಿತು. ರಕ್ಷಣಾ ಒಪ್ಪಂದ, ಹಣದ ನೆರವು, 20 ಡಿವಿಜನ್‌ಗಳ ಸೇನೆಗೆ ಬೆಂಬಲ, ಇಷ್ಟು ಪಡೆದು ರೀ ಅಡ್ಡಿ ಮಾಡುವುದಿಲ್ಲವೆಂದಷ್ಟೇ ಹೇಳಿದ. ಜುಲೈ 27ರ ಕದನವಿರಾಮಕ್ಕೆ ಅವನ ಕಡೆಯ ರುಜು ಬೀಳಲೇ ಇಲ್ಲ.

ಕೈದಿಗಳ ಪ್ರಶ್ನೆಯನ್ನು ಬಿಡಿಸಲು ಐದು ತಟಸ್ಥ ರಾಷ್ಟ್ರಗಳ ಆಯೋಗ ಏರ್ಪಟ್ಟಾಗ ಅದರ ಅಧ್ಯಕ್ಷರಾದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. ಭಾರತದ ಸೈನಿಕರು ತನ್ನ ನೆಲಕ್ಕೆ ಕಾಲಿಡಕೂಡದೆಂದು ರೀ ಹಠ ಹಿಡಿದ. ಅವರನ್ನು ಇಂಚೋನ್ ಬಂದರಿನ ಹಡಗುಗಳಿಂದ ಹೆಲಿಕಾಪ್ಟರಿನಲ್ಲಿ ನಿಸ್ಸೇನ ವಲಯಕ್ಕೆ ಒಯ್ಯಬೇಕಾಯಿತು. ಉತ್ತರಕ್ಕೂ ದಕ್ಷಿಣಕ್ಕೂ ಹೋಗಲೊಲ್ಲದ 80ಕ್ಕೂ ಹೆಚ್ಚು ಕೈದಿಗಳು ಕೊನೆಗೆ ಭಾರತದ ಪಡೆಯೊಡನೆ 1954ರ ಫೆಬ್ರವರಿಯಲ್ಲಿ ಇದೇ ಮದರಾಸಿನ ಬಂದರಿನಲ್ಲಿ ಬಂದಿಳಿದರು. ದೊಡ್ಡವರ ಕದನವಿರಾಮದಲ್ಲಿ ಸ್ಥಳ ಸಿಕ್ಕದವರು ಈ ಊರಿನ ದಡಕ್ಕೆ ಬಂದದ್ದನ್ನು ನಾವು ನೆನಪಿಟ್ಟಿಲ್ಲ.

ರೀ ಮತ್ತು ಟಿಪ್ಪು ಒಂದೇ ತೆರನವರೆಂದು ನಾನು ಹೇಳುತ್ತಿಲ್ಲ. ಒಪ್ಪಿಸುವವರ ರೀತಿಯನ್ನು ಹೋಲಿಸಿದರೆ ಸಾಕು. ಅಮೆರಿಕ ರೀಗೆ ಬೆಲೆ ತೆತ್ತಿತು, ಏಕೆಂದರೆ ನಾಳೆಯೂ ಅವನು ಬೇಕಾಗಿದ್ದ. ಫ್ರಾನ್ಸ್ ಟಿಪ್ಪುವಿಗೆ ನಾಲ್ಕು ತಿಂಗಳ ಗಡುವನ್ನು ಕೊಟ್ಟಿತು. ಕೊರಿಯದ ವಿರಾಮ ಅಂತಿಮ ಶಾಂತಿಯಾಗದಿದ್ದರೂ ಇಂದಿನ ತನಕ ಉಳಿದುಬಂದಿದೆ. ಮಂಗಳೂರಿನ ಸಂಧಿ ಆರು ವರ್ಷವೂ ತುಂಬುವ ಹೊತ್ತಿಗೆ ಮುರಿದು, 1790ರಲ್ಲಿ ಮತ್ತೆ ಯುದ್ಧ ಬಂತು. ಎರಡು ವರ್ಷದಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಮಕ್ಕಳು ಹೋದರು. ಮಿತ್ರನನ್ನು ಮಾತಿನಿಂದ ಒಪ್ಪಿಸುವುದಕ್ಕೂ ಒಂಟಿ ಮಾಡಿ ಒಪ್ಪಿಸುವುದಕ್ಕೂ ಇರುವ ಅಂತರ ಇದು. ಈ ಅಂತರವನ್ನು ನಮ್ಮ ಇತಿಹಾಸಕಾರರಲ್ಲಿ ಒಬ್ಬರಾದರೂ ತಮ್ಮ ವಿಷಯದ ನಡುಮಧ್ಯಕ್ಕೆ ತಂದಿದ್ದರೆ ವಿಲ್ಕ್ಸ್‌ನ ನೇಣುಗಂಬ ಇಷ್ಟು ಕಾಲ ನಿಲ್ಲುತ್ತಿರಲಿಲ್ಲ.

ಕನ್ನಡದಲ್ಲಿ ಮಂಗಳೂರಿನ ಸಂಧಿಯ ಬಗ್ಗೆ ಒಂದು ಪೂರ್ಣ ಗ್ರಂಥ ಬರಬೇಕು. ಮದರಾಸು ಸರ್ಕಾರದ ಹಳೆಯ ಕಡತಗಳು ಎಗ್ಮೂರಿನ ತಮಿಳುನಾಡು ಪತ್ರಾಗಾರದಲ್ಲಿವೆ. ಫ್ರೆಂಚರ ಪಾಂಡಿಚೇರಿ ಇಲ್ಲಿಂದ ದೂರವಿಲ್ಲ. ತಮಿಳು, ಇಂಗ್ಲಿಷ್, ಕನ್ನಡ ಮೂರನ್ನೂ ಓದಬಲ್ಲ ಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ. ಬೆಂಗಳೂರಿನ ವಿದ್ವಾಂಸರಿಗಿಂತ ಈ ಕೆಲಸ ಚೆನ್ನೈನ ಕನ್ನಡಿಗರಿಗೆ ಹತ್ತಿರದ್ದು. ಬರೆಯುವವರು ಮೆಕಾರ್ಟ್ನಿಯ ಅರ್ಥವನ್ನೂ ಹೇಳಲಿ, ಪಿವರೋನನದನ್ನೂ ಹೇಳಲಿ, ಟಿಪ್ಪುವಿನದನ್ನು ಯಾವ ಮುಚ್ಚುಮರೆಯೂ ಇಲ್ಲದೆ ಪೂರ್ತಿಯಾಗಿ ಹೇಳಲಿ. ಆ ಮೇಲೆ ರಾಣಿ ಲಕ್ಷ್ಮಮ್ಮಣ್ಣಿಗೂ, ಘಟ್ಟ ಹತ್ತಿದ ಕೆನರಾದ ಕುಟುಂಬಗಳಿಗೂ, ಕೋಟೆಯೊಳಗೆ ಹಸಿದ ಸಿಪಾಯಿಗೂ ಪಾತ್ರ ಕೊಡಲಿ. ಆಗ ಅದು ಯಾರ ಪ್ರತಿಮೆಯ ಪೀಠಕ್ಕೂ ಹೊಂದುವ ಪುಸ್ತಕವಾಗಲಾರದು; ಓದುವವರಿಗೆ ಮಾತ್ರ ಬೇಕಾದ ಪುಸ್ತಕವಾದೀತು.